ಕರಿಯ ಗುರ್ ಅಂದಿದ್ದೇಕೆ?

ದಸರಾ ರಜೆಗೆಂದು ಬೆಂಗಳೂರಿನಿಂದ ಹಾವೇರಿಗೆ ಬಂದ ಮೊಮ್ಮಗಳು ಪುಟ್ಟಿ ಚಪ್ಪಲಿ ಬಿಡುತ್ತಲೇ ಕೇಳಿದ್ದು, "ಕರಿಯ ಎಲ್ಲಿ?" ಎಂದು. ಕರಿಯ ನಮ್ಮ ಓಣಿಯ ನಾಯಿ. ಮೂರು ವರ್ಷಗಳ ಹಿಂದೆ ಜಿಟಿಜಿಟಿ ಮಳೆಯಲ್ಲಿ ನೆನೆಯುತ್ತ ನಮ್ಮ ಮನೆಯ ಕಟ್ಟೆಗೆ ಬಂದು ಮಲಗಿದ್ದು, ಮಳೆ ನಿಂತರೂ ಹೋಗಲಿಲ್ಲ. ಐದನೆಯ ಇಯತ್ತೆಯಲ್ಲಿ ಓದುವ ಪುಟ್ಟಿ ಫೋನಿನ ವಿಡಿಯೊದಲ್ಲಿ ಅದನ್ನು ದಿನವೂ ನೋಡುತ್ತಿದ್ದಳು. ಅವಳ ಲೆಕ್ಕದಲ್ಲಿ ಅವರಿಬ್ಬರೂ ಹಳೆಯ ಗೆಳೆಯರು. ಕರಿಯನ ಲೆಕ್ಕದಲ್ಲಿ ಅವಳು ಅಂದು ಮೊದಲ ಸಲ ಕಂಡವಳು.

ಓಡಿಹೋದವಳೇ ಕಟ್ಟೆಯ ಮೇಲೆ ಮಲಗಿದ್ದ ಕರಿಯನ ಕುತ್ತಿಗೆಗೆ ಎರಡೂ ಕೈ ಹಾಕಿ ತಬ್ಬಿಕೊಂಡಳು. ಅದು ಮುಖವನ್ನು ಅತ್ತ ತಿರುಗಿಸಿತು. ತುಟಿ ನೆಕ್ಕಿಕೊಂಡಿತು. ಪುಟ್ಟಿ ಇನ್ನಷ್ಟು ಬಿಗಿಯಾಗಿ ಅಪ್ಪಿದಳು. ಅದು 'ಗುರ್' ಎಂದಿತು. ಅವಳು ನಕ್ಕಳು, ಬಿಡಲಿಲ್ಲ. ಮರುಗಳಿಗೆಯಲ್ಲಿ ಕರಿಯ ಗಾಳಿಯಲ್ಲಿ ಒಮ್ಮೆ ಬಾಯಿ ಹಾಕಿ, ಕೊಸರಿಕೊಂಡು, ಬೇವಿನ ಮರದಡಿ ಹೋಗಿ ನಿಂತಿತು. ಹಲ್ಲು ತಾಗಿರಲಿಲ್ಲ. ಆದರೂ ನಾನು ಅವಳ ಕೈಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದೆ.

ನನ್ನ ಮಗನ ಮುಖ ಕೆಂಪಾಗಿತ್ತು. "ಅಪ್ಪಾ, ಹಬ್ಬ ಮುಗಿಯೂದರೊಳಗ ಈ ನಾಯಿನ್ನ ಎಲ್ಲ್ಯಾರ ದೂರ ಬಿಟ್ಟು ಬರ್ರಿ" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮಗಳ ಮೇಲಿನ ಕಾಳಜಿ ಅದು. "ನಾಲ್ಕು ದಿನ ತಡಿ" ಎಂದೆ. ಪುಟ್ಟಿ ಮಾತ್ರ ಅಳುವುದಕ್ಕೂ ಮರೆತು ನಿಂತಿದ್ದಳು. "ಅಜ್ಜಾ, ನಾನು ಮುದ್ದು ಮಾಡಿದೆ ಅಷ್ಟೇ. ಅದಕ್ಕೆ ನಾನು ಇಷ್ಟ ಇಲ್ವಾ?"

ಈ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ನಾನು. ಯಾಕೆಂದರೆ ನಾಯಿಯ ಪ್ರೀತಿಯ ವಿಷಯದಲ್ಲಿ ಅವಳಿಗಿಂತ ದೊಡ್ಡ ತಪ್ಪು ಮಾಡಿದವನು ನಾನು.

ಮಾತಿಲ್ಲದ ಮಾತು

ಮರುದಿನ ಬೆಳಿಗ್ಗೆ ಪುಟ್ಟಿಯನ್ನೂ ಕರೆದುಕೊಂಡು ದನದ ದವಾಖಾನೆಗೆ ಹೋದೆ. ಕರಿಯನಿಗೆ ವರ್ಷ ವರ್ಷ ರೇಬೀಸ್ ಲಸಿಕೆ ಹಾಕುವ ಡಾಕ್ಟರು ನಡೆದದ್ದನ್ನೆಲ್ಲ ಕೇಳಿ ಅವಳನ್ನೇ ಪ್ರಶ್ನಿಸಿದರು. "ಗುರ್ ಅನ್ನೋದಕ್ಕೆ ಮೊದಲು ಅದು ಏನೇನು ಮಾಡ್ತು?" ಪುಟ್ಟಿ ನೆನಪಿಸಿಕೊಂಡು ಹೇಳಿದಳು: ಮುಖ ತಿರುಗಿಸಿತು, ತುಟಿ ನೆಕ್ಕಿತು, ಮೈ ಸೆಟೆಯಿತು.

"ಅಂದರೆ ಮೂರು ಸಲ 'ಬೇಡ' ಅಂತ ಹೇಳಿದೆ. ನಾಲ್ಕನೇ ಸಲ ಜೋರಾಗಿ ಹೇಳಿದೆ" ಎಂದರು ಡಾಕ್ಟರು.

ನಾವು ಮನುಷ್ಯರು ಪ್ರೀತಿ ಬಂದರೆ ತಬ್ಬುತ್ತೇವೆ. ನಾಯಿಗಳು ಒಂದನ್ನೊಂದು ಹಾಗೆ ತಬ್ಬಿ ಹಿಡಿಯುವುದಿಲ್ಲ. ಕುತ್ತಿಗೆಯ ಸುತ್ತ ಕೈ ಬಿದ್ದರೆ ಅದಕ್ಕೆ ತಪ್ಪಿಸಿಕೊಳ್ಳುವ ದಾರಿಯೇ ಮುಚ್ಚಿದಂತೆ. ತಾನು ನಂಬಿದವರು ಹಾಗೆ ಮಾಡಿದರೆ ಕೆಲವು ನಾಯಿಗಳು ಸಹಿಸಿಕೊಳ್ಳುತ್ತವೆ. ಹೊಸಬರು ಮಾಡಿದರೆ ಹೆದರುತ್ತವೆ. ಹೆದರಿದಾಗ ಮುಖ ತಿರುಗಿಸುವುದು, ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣಲ್ಲಿ ನೋಡುವುದು, ಬಾಲ ಮುದುಡುವುದು, ಇವೆಲ್ಲ ಅದರ ಮಾತುಗಳು. ಗುರ್ ಎನ್ನುವುದೂ ಒಂದು ಮಾತೇ. ಕಚ್ಚಲು ಮನಸ್ಸಿಲ್ಲದ ನಾಯಿ ಕೊಡುವ ಎಚ್ಚರಿಕೆ ಅದು. ಹಾಗಾಗಿ ಗುರ್ ಎಂದ ನಾಯಿಯನ್ನು ಹೊಡೆಯಬಾರದು. ಹೊಡೆತಕ್ಕೆ ಹೆದರಿ ಅದು ಗುರ್ ಎನ್ನುವುದನ್ನು ಬಿಟ್ಟರೆ, ಮುಂದಿನ ಸಲ ಎಚ್ಚರಿಕೆ ಕೊಡದೆಯೇ ಕಚ್ಚೀತು.

ಬಾಲ ಅಲ್ಲಾಡಿಸಿದ ಮಾತ್ರಕ್ಕೆ ನಾಯಿ ಖುಷಿಯಾಗಿದೆ ಎನ್ನಲೂ ಬಾರದು. ಇಟಲಿಯ ಬಾರಿ ಎಂಬ ಊರಿನ ವಿಶ್ವವಿದ್ಯಾಲಯದವರು 2007ರಲ್ಲಿ 30 ನಾಯಿಗಳನ್ನು ಪರೀಕ್ಷಿಸಿ ನೋಡಿದರು. ಸಾಕಿದವರನ್ನು ಕಂಡಾಗ ಬಾಲ ನಾಯಿಯ ಬಲಗಡೆಗೆ ಹೆಚ್ಚು ವಾಲಿ ಆಡಿತು. ಅಪರಿಚಿತವಾದ ಜೋರಿನ ನಾಯಿಯನ್ನು ಕಂಡಾಗ ಎಡಗಡೆಗೆ ವಾಲಿತು. ಬಾಲದಲ್ಲೂ ಎರಡು ಬಗೆಯ ಮಾತಿದೆ ಎಂದಾಯಿತು.

ಬ್ಯಾಡಗಿಯ ಕೆಂಪಿ

ಆಯುಧಪೂಜೆಯ ದಿನ ನಾವೆಲ್ಲ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೊರಟೆವು. ಅಂದು ಅಲ್ಲಿ ಮಾಲತೇಶನ ಕಾರ್ಣಿಕ. ಕಾರು ಮೋಟೆಬೆನ್ನೂರು ದಾಟುವಾಗ ಬ್ಯಾಡಗಿಯ ಕಡೆಗೆ ಹೋಗುವ ರಸ್ತೆ ಕಂಡಿತು. ಇಷ್ಟು ವರ್ಷ ಯಾರಿಗೂ ಹೇಳದ ಕಥೆಯನ್ನು ಪುಟ್ಟಿಗೆ ಅಲ್ಲಿ ಹೇಳಿದೆ.

1984ರ ಮಾತು. ಆಗ ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಅದು ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ನಾವೆಲ್ಲ ಧಾರವಾಡ ಜಿಲ್ಲೆಯವರು. ನಾನು ಬ್ಯಾಡಗಿಯಲ್ಲಿ ಬ್ಯಾಂಕಿನ ಗುಮಾಸ್ತ. ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿಗೆ ಊರೇ ಕೆಂಪು. ಚೀಲ ಬಿಚ್ಚಿದರೆ ಘಾಟಿಗೆ ಎಲ್ಲರಿಗೂ ಸೀನು. ಮನುಷ್ಯರ ಜೊತೆಗೆ ಸೀನುತ್ತಿದ್ದ ಒಂದು ಬೀದಿನಾಯಿಯೂ ಅಲ್ಲಿತ್ತು. ಕಂದು ಬಣ್ಣದ ಹೆಣ್ಣು ಮರಿ. ಕೆಂಪಿ ಎಂದು ಕರೆದೆ.

ಬೆಳಿಗ್ಗೆ ನನ್ನ ಸೈಕಲ್ಲಿನ ಹಿಂದೆ ಬ್ಯಾಂಕಿಗೆ ಬರುತ್ತಿತ್ತು. ಸೈಕಲ್ ನಿಲ್ಲಿಸಿದ ಜಾಗದಲ್ಲಿ ಸಂಜೆಯವರೆಗೆ ಮಲಗಿ, ನಾನು ಹೊರಬಂದರೆ ಎದ್ದು ಮೈ ಕೊಡವಿ ಮನೆಗೆ ಹೊರಡುತ್ತಿತ್ತು. ರಾತ್ರಿ ಮೆಟ್ಟಿಲ ಮೇಲೆ ಕುಳಿತು ಅದರ ಬೆನ್ನು ಸವರುತ್ತ ರೇಡಿಯೊ ಕೇಳುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ರಾಣೆಬೆನ್ನೂರಿಗೆ ವರ್ಗವಾಯಿತು.

ರಾಣೆಬೆನ್ನೂರಿನಲ್ಲಿ ಸಿಕ್ಕ ಬಾಡಿಗೆ ಮನೆಯಲ್ಲಿ ನಾಯಿ ಸಾಕಲು ಒಪ್ಪಿಗೆ ಇರಲಿಲ್ಲ. ನಾನು ಗುಮಾಸ್ತನ ಬುದ್ಧಿಯಿಂದ ಯೋಚಿಸಿದೆ. ನಾಯಿಗೆ ಬೇಕಾದದ್ದು ಅನ್ನ. ಅದಕ್ಕೆ ವ್ಯವಸ್ಥೆ ಮಾಡಿದರೆ ಲೆಕ್ಕ ಚುಕ್ತಾ. ಬ್ಯಾಂಕಿನ ಪಕ್ಕದ ಚಹಾದಂಗಡಿಯವನಿಗೆ ದುಡ್ಡು ಕೊಟ್ಟು, ದಿನಕ್ಕೆರಡು ಬನ್ನು ಹಾಕಲು ಹೇಳಿ ಹೊರಟುಬಂದೆ.

ಮೂರು ತಿಂಗಳ ನಂತರ ಕೆಲಸದ ಮೇಲೆ ಬ್ಯಾಡಗಿಗೆ ಹೋದೆ. ಅಂಗಡಿಯವನು ನನ್ನನ್ನು ಕಂಡವನೇ ಹೇಳಿದ: "ಸಾಹೇಬ್ರ, ನಿಮ್ಮ ರೊಕ್ಕ ನಾ ತಿಂದಿಲ್ರಿ. ದಿನಾ ಬನ್ನು ಹಾಕೇನಿ. ತಿಂತೈತಿ, ಆದ್ರ ಇಲ್ಲಿ ನಿಲ್ಲೂದಿಲ್ಲ. ನೀವು ಸೈಕಲ್ ನಿಲ್ಲಸ್ತಿದ್ದ ಜಾಗದಾಗ ಹೋಗಿ ಕುಂದರತೈತಿ. ಸಂಜಿ ಬ್ಯಾಂಕಿನ ಬಾಗ್ಲಾ ಹಾಕಿದ ಮ್ಯಾಲೆ ನಿಮ್ಮ ಹಳೇ ಮನಿ ತನಕ ಹೋಗಿ ಬರತೈತಿ."

ಕೆಂಪಿ ಅಲ್ಲೇ ಇತ್ತು. ಕುಣಿಯಲಿಲ್ಲ, ಬೊಗಳಲಿಲ್ಲ. ನಿಧಾನವಾಗಿ ಎದ್ದು ಬಂದು ನನ್ನ ಮೊಣಕಾಲಿಗೆ ತಲೆ ಒತ್ತಿ ನಿಂತುಕೊಂಡಿತು. ಸಂಜೆಯ ರೈಲಿನ ಹೊತ್ತಾಗಿತ್ತು. ಮನೆಯ ಮಾಲೀಕರನ್ನು ಕೇಳಿ ಮುಂದಿನ ಭಾನುವಾರ ಬಂದು ಕರೆದೊಯ್ಯುತ್ತೇನೆ ಎಂದುಕೊಂಡು ಹೊರಟೆ. ಭಾನುವಾರ ಏನೋ ಅಡ್ಡ ಬಂತು. ಎರಡು ವಾರ ಕಳೆದು ಹೋದಾಗ ಕೆಂಪಿ ಇರಲಿಲ್ಲ. ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ.

ಪುಟ್ಟಿ ಮಾತಾಡಲಿಲ್ಲ. ಮುಂದಿನ ಸೀಟಿನಲ್ಲಿದ್ದ ನನ್ನ ಮಗ ಕಿಟಕಿಯ ಹೊರಗೆ ನೋಡುತ್ತಿದ್ದ.

ಕುರಿಗಾಹಿ ಹೇಳಿಕೊಟ್ಟ ಪಾಠ

ಅದಾದ ಮೇಲೆ ರಾಣೆಬೆನ್ನೂರಿನಲ್ಲಿದ್ದಾಗ ಒಮ್ಮೆ ಸಾಲದ ಪರಿಶೀಲನೆಗೆಂದು ನಮ್ಮ ಅಧಿಕಾರಿಗಳ ಜೊತೆ ಹಳ್ಳಿಗೆ ಹೋಗಿದ್ದೆ. ಒಂದು ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ನಿಲ್ಲಿಸಿದ್ದರು. ಕುರಿಗಾಹಿ ಮುದುಕ ಕಂಬಳಿ ಹಾಸಿಕೊಂಡು ಊಟಕ್ಕೆ ಕುಳಿತಿದ್ದ. ಜೋಳದ ರೊಟ್ಟಿಯ ಮೊದಲ ಚೂರನ್ನು ಮುರಿದು ಪಕ್ಕದಲ್ಲಿದ್ದ ನಾಯಿಗೆ ಕೊಟ್ಟು, ಆಮೇಲೆ ತಾನು ಬಾಯಿಗೆ ಹಾಕಿಕೊಂಡ. ಊಟವಾದ ಮೇಲೆ ನಾಯಿ ಅವನ ತೊಡೆಗೆ ಬೆನ್ನು ತಾಗಿಸಿ ಮಲಗಿತು. ಅವನು ಒಂದು ಕೈಯನ್ನು ಅದರ ಬೆನ್ನ ಮೇಲಿಟ್ಟು ಸುಮ್ಮನೆ ಕುಳಿತ. ಮುದ್ದಿನ ಮಾತು ಒಂದೂ ಇಲ್ಲ.

"ಯಜಮಾನ್ರ, ನಾಯಿ ನಿಮ್ಮನ್ನ ಭಾಳ ಹಚಿಗೊಂಡೈತಿ" ಎಂದೆ.

"ಸಾಹೇಬ್ರ, ನಾಯಿಗೆ ಮುದ್ದು ಬ್ಯಾಡ್ರಿ, ಜೋಡಿ ಬೇಕ್ರಿ. ಅದು ತಾನಾಗಿ ಬಂದು ಮಗ್ಗಲಿಗೆ ಕುಂತಾಗ ನಾವು ಎದ್ದು ಹೋಗಬಾರ್ದು. ಅಷ್ಟ" ಎಂದ.

ಕೆಂಪಿ ತಾನಾಗಿ ಬಂದು ತಲೆ ಒತ್ತಿದಾಗ ಎದ್ದು ಹೋದವನು ನಾನು. ಅವನಿಗೆ ಅದು ಗೊತ್ತಿರಲಿಲ್ಲ.

ಗೊರವಪ್ಪ ಮತ್ತು ಆತಕೂರಿನ ಕಾಳಿ

ದೇವರಗುಡ್ಡದಲ್ಲಿ ಜನವೋ ಜನ. ಭಂಡಾರದ ಹಳದಿ, ಡಮರುಗದ ಸದ್ದು, ಕರಿ ಕಂಬಳಿ ಹೊದ್ದ ಗೊರವರು. ಒಂದು ಕಡೆ ಗೊರವರ ಮುಂದೆ ದೋಣಿಗಳನ್ನಿಟ್ಟು ಭಕ್ತರು ಹಾಲು, ತುಪ್ಪ, ಬಾಳೆಹಣ್ಣು ತುಂಬುತ್ತಿದ್ದರು. ದೋಣಿ ಎಂದರೆ ನೀರಿನ ಮೇಲೆ ಹೋಗುವ ದೋಣಿಯಲ್ಲ ಮಕ್ಕಳೇ, ಗೊರವರ ಭಿಕ್ಷಾಪಾತ್ರೆ. ಗೊರವರು ನಾಯಿಗಳಂತೆ ಬೊಗಳುತ್ತ, ಬಾಗಿ, ದೋಣಿಗೆ ಬಾಯಿ ಹಾಕಿ ತಿನ್ನತೊಡಗಿದರು. ಪುಟ್ಟಿಗೆ ಆಶ್ಚರ್ಯ. "ದೊಡ್ಡವರು ಯಾಕಜ್ಜಾ ನಾಯಿ ಥರ ಮಾಡ್ತಾರೆ?"

ನಮ್ಮ ಬಾಯಲ್ಲಿ 'ನಾಯಿ' ಎಂಬುದು ಬೈಗುಳ. ಆದರೆ ಗೊರವರು ತಾವು ಮೈಲಾರಲಿಂಗನ ನಾಯಿಗಳೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಒಡೆಯನನ್ನು ನಾಯಿಯಷ್ಟು ನಂಬುವವರು ಇನ್ನೊಬ್ಬರಿಲ್ಲ ಎಂದು ಅವರಿಗೆ ಗೊತ್ತು. ದೇವರ ಮೇಲಿನ ತಮ್ಮ ನಂಬಿಕೆಯನ್ನು ತೋರಿಸಲು ಅವರಿಗೆ ಸಿಕ್ಕ ಹೋಲಿಕೆ ನಾಯಿಯದೇ.

ನಂಬಿದ ನಾಯಿಗೆ ಮನುಷ್ಯ ತೋರಿದ ಗೌರವಕ್ಕೂ ಕನ್ನಡ ನಾಡಿನಲ್ಲಿ ಸಾಕ್ಷಿಯಿದೆ. ಸಾವಿರ ವರ್ಷಕ್ಕೂ ಹಿಂದೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಕೃಷ್ಣನ ಪರವಾಗಿ ಗಂಗರ ದೊರೆ ಬೂತುಗ ಹೋರಾಡಿದ. ಬೂತುಗನ ಸೇವಕ ಮಣಲೇರ ಶೌರ್ಯ ತೋರಿದ. ಮೆಚ್ಚಿದ ದೊರೆ "ಏನು ಬೇಕು, ಕೇಳು" ಎಂದ. ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಅದರ ನೆನಪಿಗೆ ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟುಕೊಟ್ಟ. ಅಲ್ಲಿನ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುತ್ತದೆ ಎಂದು ಶಾಸನದಲ್ಲಿ ಬರೆಸಿದ. ಗೊರವ ಎಂದರೆ ಆಗ ಶಿವಾಲಯದ ಪೂಜಾರಿ. ನಾಯಿ ಮತ್ತು ಹಂದಿ ಎದುರುಬದುರಾಗಿ ಹೋರಾಡುವ ಚಿತ್ರವಿರುವ, ಕ್ರಿ.ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೆಂಗಳೂರಿನ ಮಕ್ಕಳು ಅಜ್ಜ-ಅಜ್ಜಿಯರನ್ನು ಕರೆದುಕೊಂಡು ಹೋಗಿ ನೋಡಿಬನ್ನಿ.

ಅನ್ನವೋ, ಅಕ್ಕರೆಯೋ?

ಆ ಚಹಾದಂಗಡಿಯ ಬನ್ನು ಕೆಂಪಿಯನ್ನು ಯಾಕೆ ಹಿಡಿದಿಡಲಿಲ್ಲ? ನಿವೃತ್ತಿಯಾದ ಮೇಲೆ ಈ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ದೇಶದಲ್ಲೇ ಉತ್ತರವಿತ್ತು. ಕೋಲ್ಕತ್ತಾದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಮತ್ತು ಅವರ ವಿದ್ಯಾರ್ಥಿಗಳು ಬೀದಿನಾಯಿಗಳ ಬಗ್ಗೆಯೇ ಸಂಶೋಧನೆ ಮಾಡುತ್ತಾರೆ. ಕೆಲವು ನಾಯಿಗಳಿಗೆ ಅಪರಿಚಿತರು ಮತ್ತೆ ಮತ್ತೆ ತಿನಿಸು ಕೊಟ್ಟರು. ಇನ್ನು ಕೆಲವನ್ನು ಮತ್ತೆ ಮತ್ತೆ ಮೆಲ್ಲನೆ ಸವರಿದರು. ನಾಯಿಗಳ ನಂಬಿಕೆ ಗಳಿಸುವುದರಲ್ಲಿ ತಿನಿಸಿಗಿಂತ ಸವರಿದ ಕೈಯೇ ಮುಂದೆ ಎಂದು 2017ರಲ್ಲಿ ಅವರು ಪ್ರಕಟಿಸಿದರು.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ಎಂಬವರು ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗಲು ಕಲಿಸಿದರು. ಮಂಪರಿನ ಮದ್ದು ಕೊಡಲಿಲ್ಲ, ಕಟ್ಟಿಹಾಕಲಿಲ್ಲ. ತಿನಿಸು ಸಿಗುವ ಸೂಚನೆ ಕೊಟ್ಟಾಗ, ಒಡೆಯನ ಮೆಚ್ಚುಗೆ ಸಿಗುವ ಸೂಚನೆ ಕೊಟ್ಟಾಗ ಮಿದುಳಿನ ಸಂತೋಷದ ಭಾಗ ಎಷ್ಟು ಚುರುಕಾಗುತ್ತದೆಂದು ಅಳೆದರು. 2016ರ ಆ ಪರೀಕ್ಷೆಯ 15 ನಾಯಿಗಳಲ್ಲಿ 13ಕ್ಕೆ ಮೆಚ್ಚುಗೆಯೂ ತಿನಿಸಿನಷ್ಟೇ, ಇಲ್ಲವೇ ಅದಕ್ಕಿಂತ ಹೆಚ್ಚು ಹಿತವಾಗಿತ್ತು. ಅದೇ ವರ್ಷ ಹಂಗೆರಿಯ ಬುಡಾಪೆಸ್ಟ್ ನಗರದ ವಿಜ್ಞಾನಿಗಳು ಇನ್ನೊಂದನ್ನು ಕಂಡುಕೊಂಡರು. 'ಜಾಣ' ಎಂಬಂಥ ಹೊಗಳಿಕೆಯ ಮಾತನ್ನು ಹೊಗಳುವ ದನಿಯಲ್ಲೇ ಹೇಳಿದರೆ ಮಾತ್ರ ಆ ಸಂತೋಷದ ಭಾಗ ಎಚ್ಚರಗೊಳ್ಳುತ್ತದೆ. ಸಿಡುಕಿನ ದನಿಯಲ್ಲಿ 'ಜಾಣ' ಎಂದರೆ ನಾಯಿ ಮೋಸ ಹೋಗುವುದಿಲ್ಲ!

ಜಪಾನಿನ ಅಜಾಬು ವಿಶ್ವವಿದ್ಯಾಲಯದ 2015ರ ಅಧ್ಯಯನ ನನಗೆ ಬಹಳ ಹಿಡಿಸಿತು. ತಾಯಿ ಮಗುವಿಗೆ ಹಾಲೂಡಿಸುವಾಗ ಅವಳ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚುತ್ತದೆ. ನಾಯಿಯೂ ಅದನ್ನು ಸಾಕಿದವರೂ ಕಣ್ಣಲ್ಲಿ ಕಣ್ಣಿಟ್ಟು ಹೆಚ್ಚು ಹೊತ್ತು ನೋಡಿದಾಗ ಇಬ್ಬರಲ್ಲೂ ಅದೇ ಹಾರ್ಮೋನು ಹೆಚ್ಚಿತಂತೆ. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಹಾಗಾಗಲಿಲ್ಲ. ಆದರೆ ನೆನಪಿಡಿ, ಇದು ಒಬ್ಬರನ್ನೊಬ್ಬರು ಬಲ್ಲವರ ಮಾತು. ಗುರುತಿಲ್ಲದ ನಾಯಿಯನ್ನು ದಿಟ್ಟಿಸಿ ನೋಡಿದರೆ ಅದು ಬೆದರಿಕೆ ಎಂದೇ ತಿಳಿಯುತ್ತದೆ.

ಈ ವಿಜ್ಞಾನಿಗಳು ಯಂತ್ರವಿಟ್ಟು ಅಳೆದದ್ದನ್ನು ಆ ಕುರಿಗಾಹಿ ನನಗೆ ಒಂದೇ ಮಾತಿನಲ್ಲಿ ಹೇಳಿದ್ದ.

ಪುಟ್ಟಿಗೆ ಬರೆದುಕೊಟ್ಟದ್ದು

ಡಾಕ್ಟರು ಹೇಳಿದ್ದನ್ನೂ ನಾನು ಓದಿದ್ದನ್ನೂ ಸೇರಿಸಿ ಪುಟ್ಟಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ನೀವೂ ಇಟ್ಟುಕೊಳ್ಳಿ.

1. ನಾಯಿಯ ಹತ್ತಿರ ಓಡಿಹೋಗಬೇಡ. ಪಕ್ಕಕ್ಕೆ ತಿರುಗಿ ಕುಳಿತುಕೋ. ಅದೇ ಬರಲಿ.

2. ಬಂದು ಮೂಸಿದರೆ ಮೂಸಲು ಬಿಡು. ಅದಕ್ಕೆ ಮೂಗೇ ಪರಿಚಯದ ಪತ್ರ.

3. ತಲೆಯ ಮೇಲಿಂದ ಕೈ ತರಬೇಡ. ಎದೆ, ಭುಜದ ಕಡೆ ಮೆಲ್ಲಗೆ ಸವರು.

4. ಮೂರು ಎಣಿಸುವಷ್ಟು ಹೊತ್ತು ಸವರಿ ಕೈ ತೆಗೆ. ನಾಯಿ ಹತ್ತಿರ ಒತ್ತಿಕೊಂಡು ಬಂದರೆ 'ಇನ್ನೂ ಬೇಕು' ಎಂದರ್ಥ. ಸುಮ್ಮನಿದ್ದರೆ, ದೂರ ಸರಿದರೆ 'ಸಾಕು' ಎಂದರ್ಥ.

5. ಉಣ್ಣುವ, ಮಲಗಿದ, ಮರಿ ಹಾಕಿದ ನಾಯಿಯನ್ನು ಮುಟ್ಟಬೇಡ. ದೊಡ್ಡವರು ಜೊತೆಗಿಲ್ಲದಾಗ ಗೊತ್ತಿಲ್ಲದ ನಾಯಿಯನ್ನು ಮುಟ್ಟಲೇಬೇಡ.

6. ನಾಯಿ ಕಚ್ಚಿದರೆ, ಉಗುರೋ ಹಲ್ಲೋ ತರಚಿದರೂ ಸರಿ, ಮುಚ್ಚಿಡಬೇಡ. ಗಾಯವನ್ನು 15 ನಿಮಿಷ ಹರಿಯುವ ನೀರಲ್ಲಿ ಸೋಪು ಹಚ್ಚಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಕೊನೆಯದನ್ನು ನನ್ನ ವಾರಿಗೆಯವರೂ ಮರೆಯಬಾರದು. ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚುವ ಹಳೆಯ ಪದ್ಧತಿ ಬೇಡವೇ ಬೇಡ. ರೇಬೀಸ್ ಬಂದ ಮೇಲೆ ಉಳಿಸುವ ಮದ್ದಿಲ್ಲ. ಬರದಂತೆ ತಡೆಯುವ ಲಸಿಕೆ ಇದೆ.

ನಾಲ್ಕನೆಯ ದಿನ

ಪುಟ್ಟಿ ದಿನವೂ ಬೆಳಿಗ್ಗೆ ಕಟ್ಟೆಯ ಮೇಲೆ ಪಕ್ಕಕ್ಕೆ ತಿರುಗಿ ಪುಸ್ತಕ ಹಿಡಿದು ಕೂತಳು. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮೊದಲ ದಿನ ಕರಿಯ ಬೇವಿನ ಮರದಡಿಯಿಂದ ಕದಲಲಿಲ್ಲ. ಎರಡನೆಯ ದಿನ ಬಂದು ಅವಳ ಪಾದ ಮೂಸಿ ಹೋಯಿತು. ಮೂರನೆಯ ದಿನ ಭುಜ ಸವರಿಸಿಕೊಂಡಿತು. ಅವಳು ಮೂರು ಎಣಿಸಿ ಕೈ ತೆಗೆದಾಗ ಸ್ವಲ್ಪ ಯೋಚಿಸಿ ಎದ್ದು ಹೋಯಿತು. ಪುಟ್ಟಿ ಹಿಂದೆ ಹೋಗಲಿಲ್ಲ. ಹಿಂದೆ ಹೋಗದಿರುವುದೇ ಅವಳಿಗೆ ಬಹಳ ಕಷ್ಟವಾದದ್ದು.

ನಾಲ್ಕನೆಯ ದಿನ ಕರಿಯ ತಾನಾಗಿಯೇ ಬಂತು. ಅವಳ ಪಕ್ಕದಲ್ಲಿ ಒಂದು ಸುತ್ತು ತಿರುಗಿ ಮಲಗಿ, ಗದ್ದವನ್ನು ಅವಳ ಪಾದದ ಮೇಲಿಟ್ಟು, ಉಸ್ಸೆಂದು ಉಸಿರು ಬಿಟ್ಟು ಕಣ್ಣು ಮುಚ್ಚಿತು. ಪುಟ್ಟಿ ಪುಸ್ತಕದ ಹಾಳೆ ತಿರುಗಿಸುವುದನ್ನೂ ನಿಲ್ಲಿಸಿದಳು.

ಒಳಗಿನಿಂದ ಬಂದ ನನ್ನ ಮಗ ಇದನ್ನು ನೋಡಿ ಸ್ವಲ್ಪ ಹೊತ್ತು ನಿಂತ. "ಇರ್ಲಿ ಬಿಡ್ರಿ, ಅಪ್ಪಾ" ಎಂದಷ್ಟೇ ಹೇಳಿ ಒಳಗೆ ಹೋದ.

ಕಾಲು ಗಂಟೆಯಾಯಿತು. "ಅಜ್ಜಾ, ಕಾಲು ಜೋಮು ಹಿಡೀತಿದೆ. ಏಳ್ಲಾ?" ಎಂದು ಪಿಸುಗುಟ್ಟಿದಳು ಪುಟ್ಟಿ.

"ಬೇಡ ಮಗಳೇ, ಇನ್ನೊಂದು ಗಳಿಗೆ ಕೂತಿರು" ಎಂದೆ.